ನೌಕರಿ ಕೊಟ್ಟು ಆಟಗಾರನನ್ನು ಪಡೆದ ಕಾಲ

ಕೈಯಲ್ಲಿ ಹಣ ಕಡಿಮೆಯಿರುವ ಫುಟ್‌ಬಾಲ್ ತಂಡ ಒಳ್ಳೆಯ ಆಟಗಾರನನ್ನು ಅವನಿಗೆ ಬೆಲೆ ಬರುವ ಮೊದಲೇ ಗುರುತಿಸಬೇಕು. ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಅವನು ದೊಡ್ಡ ಕ್ಲಬ್ಬುಗಳ ಪಾಲು. ಭಾರತದಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಶ್ರೀಮಂತ ಕ್ಲಬ್ಬುಗಳಲ್ಲ, ಹೈದರಾಬಾದಿನ ಒಂದು ಪೊಲೀಸ್ ತಂಡ. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಹೈದರಾಬಾದ್ ಸಿಟಿ ಪೊಲೀಸ್ ತಂಡ ಗೆದ್ದಿತು. ಆಟಗಾರರನ್ನು ಕೊಳ್ಳಲು ಅದರ ಬಳಿ ಹಣವಿರಲಿಲ್ಲ. ಅದು ಕೊಡಬಹುದಾಗಿದ್ದದ್ದು ಒಂದು ಖಾಕಿ ಸಮವಸ್ತ್ರ, ತಿಂಗಳ ಸಂಬಳ, ಮುಂದೆ ಪಿಂಚಣಿ. ಅದೇ ಹೊತ್ತಿನಲ್ಲಿ ಬೆಂಗಳೂರಿನ ಬಡಾವಣೆಗಳೂ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಿಗೆ ಆಟಗಾರರನ್ನು ಬೆಳೆಸಿ ಕಳಿಸುತ್ತಿದ್ದವು. ದಕ್ಷಿಣದ ಈ ಎರಡು ಊರುಗಳ ಫುಟ್‌ಬಾಲ್ ಚರಿತ್ರೆಯೆಂದರೆ ಬಹುಮಟ್ಟಿಗೆ ಕಡಿಮೆ ಖರ್ಚಿನಲ್ಲಿ ಪ್ರತಿಭೆ ಹುಡುಕಿದವರ ಮತ್ತು ಹುಡುಕಿದ್ದನ್ನು ಕಳೆದುಕೊಂಡವರ ಚರಿತ್ರೆ.

ಎರಡೂ ಊರುಗಳಲ್ಲಿ ಚೆಂಡು ಬಂದದ್ದು ದಂಡಿನ ಜೊತೆಗೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಿಕಂದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಬ್ರಿಟಿಷರ ಕಂಟೋನ್ಮೆಂಟುಗಳು ನೆಲೆಗೊಂಡವು. ಪಲ್ಟನ್ನುಗಳ ನಡುವೆ ನಡೆಯುತ್ತಿದ್ದ ಪಂದ್ಯಗಳನ್ನು ಬೇಲಿಯಾಚೆ ನಿಂತು ನೋಡಿದವರು ಅಡುಗೆಯವರ, ಕುದುರೆ ನೋಡಿಕೊಳ್ಳುವವರ, ಗುಮಾಸ್ತರ ಮಕ್ಕಳು. ಬೆಂಗಳೂರಿನಲ್ಲಿ ಆಟ ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಿಗೆ ಇಳಿಯಿತು. ಸಿಕಂದರಾಬಾದಿನಲ್ಲಿ ತಿರುಮಲಗಿರಿ, ಅಮ್ಮುಗೂಡ, ಲಾಲಾಗೂಡ ರೈಲ್ವೆ ವಸತಿಗಳ ಕಡೆ ಹಬ್ಬಿತು. ಲಾಲಾಗೂಡದಿಂದ ಪೂರ್ವಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿಸ್ತಾರವಾದ ಮೈದಾನಗಳು, ತಾರ್ನಾಕ, ಅದನ್ನು ದಾಟಿದರೆ ನಾಚಾರಂ. ಇಂದು ಕಾರ್ಖಾನೆಗಳ, ಸಿನಿಮಾ ಸ್ಟುಡಿಯೋದ, ಇಎಸ್‌ಐ ಆಸ್ಪತ್ರೆಯ ಹೆಸರಿನಿಂದ ಗುರುತಿಸುವ ನಾಚಾರಂ ಆಗ ನಗರದ ಹೊರಗಿನ ಹಳ್ಳಿ. ಬೆರಳೆಣಿಕೆಯ ಮೈಲಿಗಳ ಈ ವರ್ತುಲದೊಳಗಿನಿಂದಲೇ ಒಲಿಂಪಿಕ್ಸ್ ತಲುಪಿದ ಆಟಗಾರರು ಬಂದರು. ಹುಡುಕುವವನು ಒಂದು ಸೈಕಲ್ ಇಟ್ಟುಕೊಂಡಿದ್ದರೆ ಸಾಕಿತ್ತು.

ಹೊರಗಿನ ಆಟಗಾರರನ್ನು ಯೋಜನೆ ಹಾಕಿ ಕರೆತರುವ ಪದ್ಧತಿಯನ್ನು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1930ರ ದಶಕದಲ್ಲಿ ಅದರ ಕಾರ್ಯದರ್ಶಿಯಾಗಿದ್ದ ಸಿ.ಎ. ಅಜೀಜ್ ಊರಿನ ಆಟಗಾರರನ್ನೇ ನೆಚ್ಚಿಕೊಳ್ಳಲಿಲ್ಲ. ಕ್ವೆಟ್ಟಾದಿಂದ ಜುಮ್ಮಾ ಖಾನ್ ಬಂದರು, ಬೆಂಗಳೂರಿನಿಂದ ಹಲವರು ಬಂದರು. ಮಳೆಗಾಲದ ಕೆಸರಿನಲ್ಲಿ ಬರಿಗಾಲಿನ ಆಟ ನಡೆಯದೆಂದು ಬೂಟು ಹಾಕಿ ಆಡುವ ಅಭ್ಯಾಸವನ್ನೂ ತಂಡಕ್ಕೆ ಮಾಡಿಸಿದರು. 1934ರಿಂದ 1938ರವರೆಗೆ ಐದು ವರ್ಷ ಕಲ್ಕತ್ತಾ ಲೀಗ್ ಆ ಕ್ಲಬ್ಬಿನ ಕೈಯಲ್ಲಿತ್ತು. ಬೆಂಗಳೂರಿನವರು ಬರೀ ಆಟಗಾರರನ್ನು ಕಳಿಸಿ ಸುಮ್ಮನಿದ್ದವರಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ಪಿನ ಫೈನಲ್‌ನಲ್ಲಿ ಇದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ ಗೆದ್ದಿತು. ಕಲ್ಕತ್ತೆಯವರ ಕಣ್ಣು ದಕ್ಷಿಣದ ಕಡೆ ಹೊರಳಲು ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಆಗಿನ ನಿಯಮದ ಪ್ರಕಾರ ಎಲ್ಲ ಆಟಗಾರರೂ ಹವ್ಯಾಸಿಗಳು. ಆಟಕ್ಕೆ ಸಂಬಳ ಕೊಡುವಂತಿಲ್ಲ, ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋದರೆ ಮೊದಲಿನವರಿಗೆ ಶುಲ್ಕ ಕೊಡುವ ಪ್ರಶ್ನೆಯೂ ಇಲ್ಲ. ಒಳಗೊಳಗೆ ಊಟ, ವಸತಿ, ಕೈಖರ್ಚು ನಡೆಯುತ್ತಿತ್ತು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆದರೆ ಕಾಗದದ ಮೇಲೆ ಬರೆಯಬಹುದಾಗಿದ್ದ ಆಮಿಷವೆಂದರೆ ನೌಕರಿ ಮಾತ್ರ. ರೈಲ್ವೆ, ಕಸ್ಟಮ್ಸ್, ಗಿರಣಿ, ಪೊಲೀಸ್, ಸೇನೆ ಇವೆಲ್ಲ ಆಟಗಾರನಿಗೆ ಹುದ್ದೆ ಕೊಡಬಲ್ಲ ಮನೆಗಳು. ಬಡ ಕುಟುಂಬದ ಹುಡುಗನಿಗೆ ಒಂದು ಹಂಗಾಮಿನ ಗುಟ್ಟಿನ ಹಣಕ್ಕಿಂತ ಖಾಯಂ ನೌಕರಿ ದೊಡ್ಡದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಖಾಲಿ ಹುದ್ದೆಗಳಿದ್ದ ಸಣ್ಣ ಸಂಸ್ಥೆಯೊಂದು ದೊಡ್ಡ ಕ್ಲಬ್ಬಿನ ಎದುರು ನಿಲ್ಲಲು ಸಾಧ್ಯವಾದದ್ದು ಈ ಕಾರಣದಿಂದ.

ಹೈದರಾಬಾದ್ ಪೊಲೀಸ್ ತಂಡ ಬೆಳೆದದ್ದು ಈ ನೆಲದಲ್ಲಿ. ಫುಟ್‌ಬಾಲ್ ಸಂಘಟನೆಯಲ್ಲಿ ಆಸಕ್ತಿಯಿದ್ದ ಶಿವಕುಮಾರ್ ಲಾಲ್ ಅವರಂಥ ಪೊಲೀಸ್ ಅಧಿಕಾರಿಗಳು ಇಲಾಖೆಯ ಬಾಗಿಲನ್ನು ಆಟಗಾರರಿಗೆ ತೆರೆದಿಟ್ಟರು. 1950ರಲ್ಲಿ ತರಬೇತಿಯ ಹೊಣೆ ಸೈಯದ್ ಅಬ್ದುಲ್ ರಹೀಮ್ ಅವರಿಗೆ ಬಂತು. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು, ಉಸ್ಮಾನಿಯಾದಲ್ಲಿ ಓದಿದವರು, ಆಟಗಾರರಾಗಿಯೂ ಊರಿನಲ್ಲಿ ಹೆಸರು ಮಾಡಿದ್ದವರು. 1940ರ ದಶಕದಲ್ಲೇ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯೂ ಆಗಿದ್ದರು. ಈ ಮೂರು ಹೊಣೆಗಳು ಒಬ್ಬರಲ್ಲೇ ಸೇರಿದ್ದು ಮುಖ್ಯ ಸಂಗತಿ. ಶಿಕ್ಷಕರಾಗಿ ಶಾಲಾ ಮೈದಾನದ ಹುಡುಗರು ಅವರ ಕಣ್ಣಮುಂದಿದ್ದರು. ಕಾರ್ಯದರ್ಶಿಯಾಗಿ ಯಾವ ಪಂದ್ಯಾವಳಿ ಹೇಗೆ ನಡೆಯಬೇಕೆಂದು ಅವರೇ ನಿರ್ಧರಿಸುತ್ತಿದ್ದರು. ತರಬೇತುದಾರರಾಗಿ ಯಾವ ಜಾಗಕ್ಕೆ ಎಂಥ ಆಟಗಾರ ಬೇಕೆಂದು ಅವರಿಗೆ ಗೊತ್ತಿತ್ತು. ಇಂದಿನ ಕ್ಲಬ್ಬುಗಳಲ್ಲಿ ಇಷ್ಟಕ್ಕೆ ಒಂದು ಇಲಾಖೆಯೇ ಇರುತ್ತದೆ.

ರಹೀಮರು ಹುಡುಗರಿಗಾಗಿ ನಡೆಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳು ಇಲ್ಲಿ ಗಮನಿಸಬೇಕಾದವು. ಒಂದರಲ್ಲಿ ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವಂತಿರಲಿಲ್ಲ, ಬಂದ ಚೆಂಡನ್ನು ಕೂಡಲೇ ಸಂಗಡಿಗನಿಗೆ ಕೊಡಬೇಕಿತ್ತು. ಇನ್ನೊಂದರಲ್ಲಿ ದುರ್ಬಲವಾದ ಕಾಲಿನಿಂದಲೇ ಒದೆಯಬೇಕು. ಎತ್ತರಕ್ಕೆ ಮಿತಿ ಹಾಕಿ ಗಿಡ್ಡ ಹುಡುಗರಿಗೆಂದೇ ನಡೆಸಿದ್ದೂ ಉಂಟು. ಇವನ್ನು ತರಬೇತಿಯ ಉಪಾಯಗಳೆಂದು ಹೊಗಳುವುದು ವಾಡಿಕೆ. ಅವು ಆಯ್ಕೆಯ ಉಪಾಯಗಳೂ ಹೌದು. ಸಾಮಾನ್ಯ ಪಂದ್ಯದಲ್ಲಿ ಮೈಕಟ್ಟಿರುವ, ವೇಗವಾಗಿ ಓಡುವ ಹುಡುಗನೇ ಎದ್ದು ಕಾಣುತ್ತಾನೆ. ನಾಲ್ಕು ಜನರನ್ನು ದಾಟಿಸಿ ಗೋಲು ಹೊಡೆದವನಿಗೆ ಚಪ್ಪಾಳೆ. ಆ ದಾಟಿಸುವ ಆಟವನ್ನೇ ನಿಷೇಧಿಸಿದಾಗ ತಲೆಯೆತ್ತಿ ನೋಡಬಲ್ಲವನು ಯಾರು, ಚೆಂಡು ಬರುವ ಮೊದಲೇ ಜಾಗ ಕಂಡುಕೊಳ್ಳಬಲ್ಲವನು ಯಾರು ಎನ್ನುವುದು ಹೊರಬೀಳುತ್ತದೆ. ಎತ್ತರದ ಮಿತಿ ಹಾಕಿದಾಗ, ತಡವಾಗಿ ಬೆಳೆಯುವ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲೇ ಕಳೆದುಹೋಗುವುದು ತಪ್ಪುತ್ತದೆ. ಯುರೋಪಿನ ಅಕಾಡೆಮಿಗಳು ಇತ್ತೀಚಿನ ದಶಕಗಳಲ್ಲಿ ಹುಟ್ಟಿದ ತಿಂಗಳು, ಮೈ ಬೆಳವಣಿಗೆ ಇವನ್ನೆಲ್ಲ ಲೆಕ್ಕಹಾಕಿ ಮಾಡುವ ಕೆಲಸವನ್ನು ಹೈದರಾಬಾದಿನ ಫತೇ ಮೈದಾನದ ಸುತ್ತಮುತ್ತ ಒಬ್ಬ ಮೇಷ್ಟ್ರು ಆಗಲೇ ಮಾಡುತ್ತಿದ್ದರು.

ಅವರ ಆಯ್ಕೆಗೆ ಒಂದು ಅಳತೆಗೋಲಿತ್ತು. ಪೊಲೀಸ್ ತಂಡ ಆಡುತ್ತಿದ್ದದ್ದು ಚಿಕ್ಕ ಪಾಸುಗಳ, ಒಂದೇ ಸ್ಪರ್ಶದ ಆಟ. ಆದ್ದರಿಂದ ಎಲ್ಲ ಬಗೆಯ ಒಳ್ಳೆಯ ಆಟಗಾರರೂ ಅವರಿಗೆ ಬೇಕಿರಲಿಲ್ಲ, ಆ ಆಟಕ್ಕೆ ಹೊಂದುವವರು ಬೇಕಿತ್ತು. ಅಜೀಜುದ್ದೀನ್, ನೂರ್ ಮೊಹಮ್ಮದ್, ಮೊಯಿನ್, ಲಾಯಿಕ್, ಮುಂದೆ ಯೂಸುಫ್ ಖಾನ್, ಜುಲ್ಫಿಕರುದ್ದೀನ್ ಹೀಗೆ ಸಾಲುಸಾಲಾಗಿ ಬಂದವರು ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಲ್ಲವರಾಗಿದ್ದರು. ಯೂಸುಫ್ ಖಾನ್ ಹಿಂದೆಯೂ ಆಡಿದರು, ಮುಂದೆಯೂ ಆಡಿದರು. ಹನ್ನೊಂದು ಜನರ ತಂಡಕ್ಕೆ ಇಪ್ಪತ್ತೈದು ಜನರನ್ನು ಸಾಕುವ ಶಕ್ತಿ ಇಲ್ಲದ ಕಡೆ ಎರಡು ಮೂರು ಜಾಗಗಳಲ್ಲಿ ಆಡಬಲ್ಲವನ ಬೆಲೆಯೇ ಬೇರೆ. 1950ರ ಡ್ಯುರಾಂಡ್ ಕಪ್ಪಿನ ಫೈನಲ್‌ನಲ್ಲಿ ಈ ತಂಡ ಮೋಹನ್ ಬಗಾನ್ ಎದುರು ಗೆದ್ದಾಗ ಕಲ್ಕತ್ತೆಯ ಪತ್ರಿಕೆಗಳಿಗೆ ಹೈದರಾಬಾದಿನ ಹೆಸರುಗಳನ್ನು ಬರೆಯುವುದು ಅನಿವಾರ್ಯವಾಯಿತು.

ಈ ಹುಡುಕಾಟದ ಖರ್ಚು ಎಷ್ಟಿರುತ್ತಿತ್ತು ಎನ್ನುವುದಕ್ಕೆ ತುಳಸೀದಾಸ್ ಬಲರಾಂ ಅವರ ಪ್ರಸಂಗ ಒಳ್ಳೆಯ ಸಾಕ್ಷಿ. 1936ರಲ್ಲಿ ಹುಟ್ಟಿದ ಬಲರಾಂ ಅವರ ಊರು ಅಮ್ಮುಗೂಡ, ನಾಚಾರಂನಿಂದ ಉತ್ತರಕ್ಕೆ ಕೆಲವೇ ಮೈಲಿ. ಮನೆಯಲ್ಲಿ ಬಡತನ. ಸಿಕಂದರಾಬಾದಿನ ಸಣ್ಣ ಪಂದ್ಯವೊಂದರಲ್ಲಿ ಅವರ ಆಟ ಕಂಡ ರಹೀಮರು ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಗೆ ಹೋಗುವ ಹೈದರಾಬಾದ್ ತಂಡದ ಆಯ್ಕೆಗೆ ಬರಲು ಹೇಳಿದರು. ಹೋಗಿಬರಲು ಹಣವಿಲ್ಲವೆಂದು ಹುಡುಗ ಹಿಂಜರಿದಾಗ ಸೈಕಲ್ ಬಾಡಿಗೆಗೆಂದು ದಿನಕ್ಕೊಂದು ರೂಪಾಯಿ ಕೊಟ್ಟರು ಎಂದು ಬಲರಾಂ ಮುಂದೆ ಸಂದರ್ಶನಗಳಲ್ಲಿ ನೆನೆದಿದ್ದಾರೆ. 1956ರಲ್ಲಿ ಅದೇ ಹುಡುಗ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ. ರಹೀಮರ ತರಬೇತಿಯಲ್ಲಿ ಭಾರತ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲೂ ಬಲರಾಂ ಇದ್ದರು. ಗೋಲಿನಲ್ಲಿ ನಿಲ್ಲುತ್ತಿದ್ದ ಪೀಟರ್ ತಂಗರಾಜ್ ಅವರೂ ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಎಂಬ ಮೊಹಲ್ಲಾ ಕ್ಲಬ್ಬುಗಳಲ್ಲಿ ಆಡಿ, ಸೇನೆಯ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಸೇರಿ ಅಲ್ಲಿಂದ ಮೇಲೆ ಬಂದವರು. ಬೆಂಗಳೂರಿನಿಂದ ಅದೇ ಜಕಾರ್ತಾ ತಂಡಕ್ಕೆ ಹೋದವರು ಅರುಮೈನಾಯಗಂ.

ಊರೊಳಗಿನ ಹುಡುಗರನ್ನು ಕಂಡುಹಿಡಿಯಲು ಮೇಷ್ಟ್ರು, ರೆಫರಿ, ಹಳೆಯ ಆಟಗಾರರ ಬಾಯಿಮಾತು ಸಾಕು. ಬೇರೆ ಊರಿನವರನ್ನು ನೋಡುವ ದಾರಿ ಪಂದ್ಯಾವಳಿಗಳು. ಬೆಂಗಳೂರಿನಲ್ಲಿ ಆಷ್ ಗೋಲ್ಡ್ ಕಪ್, ಸ್ಟಾಫರ್ಡ್ ಕಪ್, ಹೈದರಾಬಾದಿನಲ್ಲಿ ನಿಜಾಮ್ ಗೋಲ್ಡ್ ಕಪ್, ಕೋಝಿಕ್ಕೋಡಿನಲ್ಲಿ ಸೇಟ್ ನಾಗ್ಜಿ, ಮುಂಬಯಿಯ ರೋವರ್ಸ್, ದೆಹಲಿಯ ಡ್ಯುರಾಂಡ್ ಹೀಗೆ ವರ್ಷವಿಡೀ ಒಂದಲ್ಲ ಒಂದು ಕಡೆ ಡೇರೆ ಬಿದ್ದಿರುತ್ತಿತ್ತು. ಆಟಗಾರರು ತಮ್ಮ ತಮ್ಮ ಸಂಸ್ಥೆಯ ಖರ್ಚಿನಲ್ಲಿ ರೈಲು ಹತ್ತಿ ಬರುತ್ತಿದ್ದರು, ನೋಡುವವನು ಟಿಕೆಟ್ ಕೊಂಡು ಕುಳಿತರಾಯಿತು. ದನಗಳ ಜಾತ್ರೆಯಲ್ಲಿ ರಾಸು ನೋಡುವವರ ಹಾಗೆ ಕಲ್ಕತ್ತಾ, ಮುಂಬಯಿ ಕ್ಲಬ್ಬುಗಳ ಪ್ರತಿನಿಧಿಗಳು ಸುಳಿದಾಡುತ್ತಿದ್ದರು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿ ಇವೆಲ್ಲಕ್ಕೂ ದೊಡ್ಡ ಮಾರುಕಟ್ಟೆ. ಅಲ್ಲಿ ಇಡೀ ದೇಶದ ಆಯ್ದ ಆಟಗಾರರು ಒಂದೇ ಊರಿನಲ್ಲಿ ಸಿಗುತ್ತಿದ್ದರು. ಮೈಸೂರು ತಂಡ 1946ರಲ್ಲಿ ಬಂಗಾಳವನ್ನು ಮಣಿಸಿ ಆ ಟ್ರೋಫಿ ಗೆದ್ದಿತು, 1952ರಲ್ಲಿ ಮತ್ತೆ ಗೆದ್ದಿತು. ಗೆದ್ದ ತಂಡದ ಆಟಗಾರರನ್ನು ಸೋತ ರಾಜ್ಯದ ಕ್ಲಬ್ಬುಗಳು ಕರೆದುಕೊಂಡು ಹೋಗುವುದು ಅಲ್ಲಿಂದಾಚೆಗೆ ಒಂದು ಸಂಪ್ರದಾಯವೇ ಆಯಿತು.

ಇದರ ಪ್ರಸಿದ್ಧ ಉದಾಹರಣೆ ಈಸ್ಟ್ ಬೆಂಗಾಲಿನ ‘ಪಂಚ ಪಾಂಡವರು’. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣದಿಂದ ಐವರು ಮುನ್ಪಡೆ ಆಟಗಾರರನ್ನು ಒಟ್ಟುಗೂಡಿಸಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ. ಅಪ್ಪಾರಾವ್ ಕಾಕಿನಾಡದವರು, ಸಾಲೇ ತಿರುವಾಂಕೂರಿನ ಕಡೆಯವರು, ಉಳಿದ ಮೂವರು ಬೆಂಗಳೂರಿನ ಮೈದಾನಗಳಿಂದ ಹೋದವರು. ಇವರು ಒಂದೇ ವರ್ಷ ಬಂದವರಲ್ಲ. ಯುದ್ಧದ ವರ್ಷಗಳಿಂದ ಆರಂಭಿಸಿ ಒಬ್ಬೊಬ್ಬರಾಗಿ ಸೇರಿದರು, 1949ರಲ್ಲಿ ಐವರ ಸಾಲು ಪೂರ್ಣವಾಯಿತು. ಎಂಟು ವರ್ಷ ಕಾದು ಒಂದು ಮುನ್ಪಡೆ ಕಟ್ಟುವ ತಾಳ್ಮೆ ಇಂದಿನ ಯಾವ ಕ್ಲಬ್ಬಿಗಿದೆ? ಈ ಸಾಲಿನ ಬಲದಿಂದ ಈಸ್ಟ್ ಬೆಂಗಾಲ್ 1949ರಿಂದ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಅಹಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಆಡಿದರು, ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲಿನಲ್ಲಿದ್ದು ಮತ್ತೆ ಬೆಂಗಳೂರಿಗೆ ಮರಳಿದರು. ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಒಲಿಂಪಿಕ್ಸ್‌ನ ಮೊದಲ ಭಾರತೀಯ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರೂ ಬೆಂಗಳೂರಿನವರೇ.

ಕಲ್ಕತ್ತೆಗೆ ಹೋಗುವುದು ಆಟಗಾರನ ದೃಷ್ಟಿಯಿಂದ ಸರಿಯಾದ ನಿರ್ಧಾರ. ಅಲ್ಲಿ ನೋಡುವ ಜನ ಹೆಚ್ಚು, ಕೈಗೆ ಬರುವ ಹಣ ಹೆಚ್ಚು, ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ಕೆಲಸವೂ ಸಿಗುತ್ತಿತ್ತು. ಬಲರಾಂ 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು, 1963ರಲ್ಲಿ ಬಂಗಾಳ ನಾಗಪುರ ರೈಲ್ವೆಯ ತಂಡಕ್ಕೆ ಹೋದರು, ನಿವೃತ್ತಿಯ ನಂತರವೂ ಬಂಗಾಳದ ಉತ್ತರಪಾಡಾದಲ್ಲೇ ನೆಲೆಸಿ 2023ರಲ್ಲಿ ತೀರಿಕೊಂಡರು. 1966ರಲ್ಲಿ ಹೈದರಾಬಾದಿನಿಂದ ನಯೀಮುದ್ದೀನ್, ಮೊಹಮ್ಮದ್ ಹಬೀಬ್, ಅಫ್ಜಲ್ ಒಟ್ಟಿಗೆ ಈಸ್ಟ್ ಬೆಂಗಾಲಿಗೆ ಹೊರಟರು. ಹಬೀಬರ ತಮ್ಮ ಅಕ್ಬರ್, ಆಮೇಲೆ ಶಬ್ಬೀರ್ ಅಲಿ, ವಿಕ್ಟರ್ ಅಮಲರಾಜ್ ಅದೇ ಹಾದಿ ಹಿಡಿದರು. ನಂತರದ ದಶಕಗಳಲ್ಲಿ ಕಲ್ಕತ್ತೆಯೊಳಗಿನ ವರ್ಗಾವಣೆಗೆ ಒಂದು ಟೋಕನ್ ಪದ್ಧತಿ ಬಂತು. ಟೋಕನ್ ಯಾರ ಕೈಯಲ್ಲಿದೆಯೋ ಆಟಗಾರ ಅವರ ಪಾಲು ಎಂಬಂತಾಗಿ, ವರ್ಗಾವಣೆಯ ದಿನಗಳಲ್ಲಿ ಆಟಗಾರರನ್ನು ಎದುರಾಳಿ ಕ್ಲಬ್ಬಿನ ಕಣ್ಣಿಗೆ ಬೀಳದಂತೆ ಹೋಟೆಲುಗಳಲ್ಲಿ ಬಚ್ಚಿಡುವ ನಾಟಕಗಳೂ ನಡೆದವು. ಆ ಗದ್ದಲದಲ್ಲೆಲ್ಲ ಹುಡುಗನನ್ನು ಮೊದಲು ಗುರುತಿಸಿದ ಊರಿನ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ.

ತೊಂದರೆ ಇದ್ದದ್ದು ಇಲ್ಲಿಯೇ. ಪೊಲೀಸ್ ತಂಡಕ್ಕಾಗಲಿ ಸಿಕಂದರಾಬಾದಿನ ಮೊಹಲ್ಲಾ ಕ್ಲಬ್ಬಿಗಾಗಲಿ ಆಟಗಾರ ಹೊರಟಾಗ ಕೈಗೆ ಬಿಡಿಗಾಸೂ ಬರಲಿಲ್ಲ. ಸ್ಪೇನಿನ ಸೆವಿಯ್ಯ ಕ್ಲಬ್ಬಿನ ಕಥೆಯ ಜೊತೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2000ದಲ್ಲಿ ಎರಡನೆಯ ದರ್ಜೆಗೆ ಇಳಿದಿದ್ದ ಆ ಕ್ಲಬ್ಬಿಗೆ ಮೊಂಚಿ ಎಂದೇ ಹೆಸರಾದ ಮಾಜಿ ಗೋಲ್‌ಕೀಪರ್ ಕ್ರೀಡಾ ನಿರ್ದೇಶಕರಾಗಿ ಬಂದರು. ಬ್ರೆಜಿಲಿನ ಬಹಿಯಾದಿಂದ ಡ್ಯಾನಿ ಆಲ್ವೆಸ್ ಅವರನ್ನು ಕಡಿಮೆ ಬೆಲೆಗೆ ತಂದು, 2008ರಲ್ಲಿ ಬಾರ್ಸಿಲೋನಾಕ್ಕೆ ದೊಡ್ಡ ಮೊತ್ತಕ್ಕೆ ಮಾರಿದರು. ಬಂದ ಹಣದಿಂದ ಮತ್ತೆ ಹುಡುಕಿದರು. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಅಂಕಿಅಂಶದ ಲೆಕ್ಕಾಚಾರ ಹಿಡಿದು ಅದೇ ದಾರಿಯಲ್ಲಿ ನಡೆಯಿತು. ಕೆಳದರ್ಜೆಯ ಎಕ್ಸೆಟರ್‌ನಿಂದ 2017ರಲ್ಲಿ ತಂದ ಆಲಿ ವಾಟ್ಕಿನ್ಸ್ ಅವರನ್ನು 2020ರಲ್ಲಿ ಆಸ್ಟನ್ ವಿಲ್ಲಾಗೆ ಮಾರಿ, ಮರುವರ್ಷ ಪ್ರೀಮಿಯರ್ ಲೀಗ್ ಪ್ರವೇಶಿಸಿತು. ಕುತೂಹಲದ ಸಂಗತಿಯೆಂದರೆ ಅದೇ ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಎಳೆಯರ ಅಕಾಡೆಮಿಯನ್ನು ಮುಚ್ಚಿತ್ತು. ತಾನು ಬೆಳೆಸಿದ ಹುಡುಗರನ್ನು ದೊಡ್ಡ ಕ್ಲಬ್ಬುಗಳು ಅಲ್ಪ ಪರಿಹಾರ ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದವು, ಬೆಳೆಸುವ ಖರ್ಚು ಮೈಮೇಲೆ ಬೀಳುತ್ತಿತ್ತು. ಹೈದರಾಬಾದಿಗೆ ಅಲ್ಪ ಪರಿಹಾರವೂ ಇರಲಿಲ್ಲ, ಅಂಗಡಿ ಮುಚ್ಚುವ ಆಯ್ಕೆಯೂ ಇರಲಿಲ್ಲ. ಆಟಗಾರನನ್ನು ಬೆಳೆಸಿದ ಕ್ಲಬ್ಬುಗಳಿಗೆ ಅಂತರರಾಷ್ಟ್ರೀಯ ವರ್ಗಾವಣೆಯ ಹಣದಲ್ಲಿ ಶೇ. 5ರಷ್ಟು ಪಾಲು ಕೊಡಬೇಕೆಂಬ ಫಿಫಾ ನಿಯಮ ಬಂದದ್ದು 2001ರಲ್ಲಿ.

ರಹೀಮರು ಬದುಕಿರುವವರೆಗೆ ಈ ನಷ್ಟ ಕಣ್ಣಿಗೆ ಹೊಡೆಯಲಿಲ್ಲ. ಹೋದವರ ಜಾಗಕ್ಕೆ ಹೊಸಬರನ್ನು ನಿಲ್ಲಿಸುವ ಕೆಲಸ ನಡೆದೇ ಇತ್ತು. 1956 ಮತ್ತು 1957ರ ಹಂಗಾಮುಗಳಲ್ಲಿ ಹೈದರಾಬಾದ್ ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯ ಪುನರ್ವಿಂಗಡಣೆಯ ನಂತರ ಆಂಧ್ರ ಪ್ರದೇಶ ಪೊಲೀಸ್ ಎಂಬ ಹೆಸರಿನಲ್ಲಿ ಹಳೆಯ ತಂಡ 1961ರ ಡ್ಯುರಾಂಡ್ ಕಪ್ಪನ್ನೂ ತಂದಿತು. ಕ್ಯಾನ್ಸರ್‌ನಿಂದ ರಹೀಮರು 1963ರ ಜೂನ್ 11ರಂದು ತೀರಿಕೊಂಡರು. ಅವರ ಬಳಿ ಇದ್ದದ್ದು ಕಡತವಲ್ಲ, ನೆನಪು. ಯಾವ ಶಾಲೆಯಲ್ಲಿ ಯಾವ ಹುಡುಗ ಎಡಗಾಲಿನಲ್ಲಿ ಚೆನ್ನಾಗಿ ಒದೆಯುತ್ತಾನೆ ಎಂಬ ಬಗೆಯದು. ಅದು ಅವರ ಜೊತೆ ಹೋಯಿತು. 1965ರ ಹಂಗಾಮಿನ ಸಂತೋಷ್ ಟ್ರೋಫಿಯೇ ಆಂಧ್ರದ ಕೊನೆಯ ಗೆಲುವು. ಒಬ್ಬ ವ್ಯಕ್ತಿಯ ಮೇಲೆ ನಿಂತ ವ್ಯವಸ್ಥೆ ಅಗ್ಗವೂ ಹೌದು, ನಾಜೂಕೂ ಹೌದು.

ಬೆಂಗಳೂರು ಇನ್ನಷ್ಟು ಕಾಲ ತಾಳಿತು, ಕಾರಣ ಕಾರ್ಖಾನೆಗಳು. 1967 ಮತ್ತು 1968ರ ಹಂಗಾಮುಗಳಲ್ಲಿ ಮೈಸೂರು ರಾಜ್ಯ ಸತತವಾಗಿ ಸಂತೋಷ್ ಟ್ರೋಫಿ ಗೆದ್ದಾಗ ನಗರದ ಸಾರ್ವಜನಿಕ ಉದ್ದಿಮೆಗಳ ತಂಡಗಳು ಆಟಗಾರರನ್ನು ಹೊತ್ತು ನಿಂತಿದ್ದವು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ ಇವುಗಳ ನಡುವಿನ ಲೀಗ್ ಪಂದ್ಯಗಳಿಗೆ ಅಶೋಕನಗರದ ಮೈದಾನ ತುಂಬುತ್ತಿತ್ತು. ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ಐಟಿಐ ತಂಡ 1977ರಲ್ಲಿ ಕೊಚ್ಚಿಯಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನನ್ನು 1–0ಯಿಂದ ಸೋಲಿಸಿತು. ದೇಶದ ಅತಿ ದೊಡ್ಡ ಕ್ಲಬ್ಬನ್ನು ಕಾರ್ಖಾನೆಯ ಕಾರ್ಮಿಕರ ತಂಡ ಸೋಲಿಸಿದ್ದು ಆಕಸ್ಮಿಕವಲ್ಲ. ಕೆಲಸಕ್ಕೆ ಸೇರಿದವನು ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತಿದ್ದ, ವಸತಿ ಕಾಲನಿಯಲ್ಲೇ ಮನೆ, ಸಂಗಡಿಗರ ಜೊತೆ ಪ್ರತಿಸಂಜೆ ಅಭ್ಯಾಸ. ಕಲ್ಕತ್ತೆಯಲ್ಲಿ ವರ್ಷ ವರ್ಷ ಬದಲಾಗುತ್ತಿದ್ದ ತಂಡಗಳಿಗೆ ಈ ಒಗ್ಗಿಕೆ ಸಿಗುತ್ತಿರಲಿಲ್ಲ.

ಹೈದರಾಬಾದಿನಲ್ಲೂ ಸನತ್‌ನಗರದ ಆಲ್ವಿನ್, ದಕ್ಷಿಣ ಮಧ್ಯ ರೈಲ್ವೆಯಂಥ ಸಂಸ್ಥೆಗಳು ತಂಡಗಳನ್ನು ಸಾಕಿದವು. ಆದರೆ ಊರಿನ ಪೂರ್ವಕ್ಕೆ ನಾಚಾರಂ, ಮಲ್ಲಾಪುರದ ಕಡೆ ಬೆಳೆದ ಕೈಗಾರಿಕಾ ಪ್ರದೇಶದಲ್ಲಿ ಬಹುಪಾಲು ಖಾಸಗಿ ಸಣ್ಣ, ಮಧ್ಯಮ ಘಟಕಗಳು. ಐವತ್ತು ನೂರು ಕಾರ್ಮಿಕರಿರುವ ಘಟಕ ಫುಟ್‌ಬಾಲ್ ತಂಡ ಕಟ್ಟುವುದಿಲ್ಲ, ಆಟಗಾರನೆಂದು ಯಾರಿಗೂ ಹುದ್ದೆ ಕಾಯ್ದಿಡುವುದಿಲ್ಲ. 1990ರ ದಶಕದಿಂದ ಸಾರ್ವಜನಿಕ ಉದ್ದಿಮೆಗಳೂ ನೇಮಕಾತಿ ಕಡಿತ ಮಾಡಿದವು. ಸ್ಪೋರ್ಟ್ಸ್ ಕೋಟಾದ ಹುದ್ದೆಗಳು ವಿರಳವಾದವು. ಆಟಗಾರನಿಗೆ ಕೊಡುತ್ತಿದ್ದ ನೌಕರಿಯೆಂಬ ನಾಣ್ಯವೇ ಚಲಾವಣೆಯಿಂದ ಹೋದ ಮೇಲೆ ದಕ್ಷಿಣದ ಹಳೆಯ ತಂಡಗಳ ಬಳಿ ಬೇರೇನೂ ಉಳಿಯಲಿಲ್ಲ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದಾಗ, ಒಂದು ಕಾಲಕ್ಕೆ ಒಲಿಂಪಿಕ್ ತಂಡಕ್ಕೆ ಹಲವರನ್ನು ಕಳಿಸಿದ್ದ ಹೈದರಾಬಾದ್ ಅದರಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಹುಡುಕುವ ಕೆಲಸ ಆ ವೇಳೆಗೆ ಅಕಾಡೆಮಿಗಳ ಕೈಗೆ ಬಂದಿತ್ತು. 1987ರಲ್ಲಿ ಜಮ್‌ಶೆಡ್‌ಪುರದಲ್ಲಿ ತೆರೆದ ಟಾಟಾ ಫುಟ್‌ಬಾಲ್ ಅಕಾಡೆಮಿ ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು ತಯಾರು ಮಾಡತೊಡಗಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅಲ್ಲಿ ಕಲಿತು 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಇರಾಕಿನ ಅಲ್ ಜವ್ರಾ ವಿರುದ್ಧದ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಮೊದಲು ಮೈದಾನದಿಂದ ಮೈದಾನಕ್ಕೆ ಅಲೆದು ಹುಡುಕುತ್ತಿದ್ದ ಕ್ಲಬ್ಬುಗಳಿಗೆ ಈಗ ಒಂದೇ ಅಂಗಳದಲ್ಲಿ ಆರಿಸಿಟ್ಟ ಆಟಗಾರರು ಸಿಕ್ಕರು. ಅನುಕೂಲವೇನೋ ಆಯಿತು, ಆದರೆ ಅಕಾಡೆಮಿಯ ಬಾಗಿಲಿನವರೆಗೆ ಬರಲಾಗದ ಹುಡುಗನನ್ನು ನೋಡುವವರು ಕಡಿಮೆಯಾದರು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಬಡ ಕ್ಲಬ್ಬಲ್ಲ, ಅದರ ಹಿಂದೆ ಜಿಂದಾಲ್ ಸಮೂಹವಿದೆ. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದ ತಂಡದಲ್ಲಿ ಸುನಿಲ್ ಛೆಟ್ರಿಯಂಥ ದೊಡ್ಡ ಹೆಸರುಗಳಿದ್ದವು. ಆದರೂ ಅದರ ಬಾಳಿಕೆಯ ಆಯ್ಕೆಗಳು ಅಗ್ಗದವೇ: ಟಾಟಾ ಅಕಾಡೆಮಿಯಿಂದ 2014ರಲ್ಲಿ ಬಂದ ಉದಾಂತ ಸಿಂಗ್, ಇಂಡಿಯನ್ ಆ್ಯರೋಸ್ ಎಂಬ ಎಳೆಯರ ತಂಡದಿಂದ ಬಂದ ಸುರೇಶ್ ಸಿಂಗ್, ತಮಿಳುನಾಡಿನ ಒಂದು ಫುಟ್‌ಬಾಲ್ ಶಾಲೆಯಿಂದ ಬಂದು 2022–23ರ ಲೀಗ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ ಶಿವಶಕ್ತಿ. ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಮೊದಲ ತಂಡದಲ್ಲಿ ಹೆಚ್ಚು ಕಾಣುವುದಿಲ್ಲ ಎಂಬ ದೂರು ನಗರದಲ್ಲಿ ಹಳೆಯದು, ಅದರಲ್ಲಿ ಹುರುಳಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ, ಸ್ಥಳೀಯ ಲೀಗ್‌ನಲ್ಲಿ ಇನ್ನೂ ನೋಡಬೇಕಾದದ್ದು ಇದೆ ಎಂದಾಯಿತು.

ಹೈದರಾಬಾದಿಗೆ ದೊಡ್ಡ ಲೀಗ್‌ನ ಕ್ಲಬ್ ಬಂದದ್ದು 2019ರಲ್ಲಿ, ಪುಣೆಯ ತಂಡ ಮುಚ್ಚಿದ ಜಾಗಕ್ಕೆ. ಮೊದಲ ವರ್ಷ ಹೀನಾಯವಾಗಿ ಸೋತ ಹೈದರಾಬಾದ್ ಎಫ್‌ಸಿಗೆ 2020ರಲ್ಲಿ ಸ್ಪೇನಿನ ಮನೋಲೊ ಮಾರ್ಕೆಸ್ ತರಬೇತುದಾರರಾಗಿ ಬಂದರು. ರಹೀಮರ ಹೆಸರು ಅವರು ಕೇಳಿದ್ದರೋ ಇಲ್ಲವೋ, ಮಾಡಿದ್ದು ಮಾತ್ರ ಅದೇ ಕೆಲಸ. ಇಂಡಿಯನ್ ಆ್ಯರೋಸ್‌ನಿಂದ ಆಕಾಶ್ ಮಿಶ್ರಾ, ಗೋವಾದಲ್ಲಿ ಅವಕಾಶ ಸಿಗದೆ ಕುಳಿತಿದ್ದ ಲಿಸ್ಟನ್ ಕೊಲಾಸೊ, ಆಶಿಶ್ ರಾಯ್, ಮೊಹಮ್ಮದ್ ಯಾಸಿರ್ ಮೊದಲಾದ ಎಳೆಯರಿಗೆ ಪ್ರತಿ ಪಂದ್ಯದಲ್ಲೂ ಜಾಗ ಕೊಟ್ಟರು. ವಯಸ್ಸಾಯಿತೆಂದು ಬೇರೆಯವರು ಬಿಟ್ಟುಕೊಟ್ಟ ಬಾರ್ತೊಲೊಮ್ಯೂ ಒಗ್ಬೆಚೆ 2021–22ರ ಹಂಗಾಮಿನಲ್ಲಿ 18 ಗೋಲು ಹೊಡೆದರು. 2022ರ ಮಾರ್ಚ್ 20ರಂದು ಗೋವಾದ ಫಟೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಲೀಗ್ ಫೈನಲ್ 1–1ರಲ್ಲಿ ನಿಂತಾಗ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಪೆನಾಲ್ಟಿಗಳನ್ನು ತಡೆದು ಕಪ್ಪನ್ನು ಹೈದರಾಬಾದಿಗೆ ತಂದುಕೊಟ್ಟರು. ಅದಕ್ಕೂ ಮೊದಲೇ ಲಿಸ್ಟನ್ ಕಲ್ಕತ್ತೆಯ ಕ್ಲಬ್ಬಿಗೆ ಹೋಗಿಯಾಗಿತ್ತು. ಈ ಬಾರಿ ಒಂದು ವ್ಯತ್ಯಾಸವಿತ್ತು: ಹೈದರಾಬಾದಿಗೆ ಸುಮಾರು ಒಂದು ಕೋಟಿ ರೂಪಾಯಿ ವರ್ಗಾವಣೆ ಶುಲ್ಕ ಸಿಕ್ಕಿತೆಂದು ಪತ್ರಿಕೆಗಳು ವರದಿ ಮಾಡಿದವು. ಹಬೀಬ್, ನಯೀಮ್, ಬಲರಾಂ ಮೂವರೂ ಹೋದಾಗ ಊರಿಗೆ ದಕ್ಕದಿದ್ದದ್ದು ಇದು.

ಆ ಹಣ ಮುಂದಿನ ಹುಡುಕಾಟಕ್ಕೆ ಬಂಡವಾಳವಾಗಿ ತಿರುಗಲಿಲ್ಲ. ಮಾಲೀಕರ ಹಣಕಾಸಿನ ಮುಗ್ಗಟ್ಟಿನಿಂದ ಆಟಗಾರರಿಗೆ ಸಂಬಳ ಬಾಕಿಯಾಯಿತು, ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ನಿರ್ಬಂಧ ಹೇರಿತು, ವಿದೇಶಿಯರೂ ಹೆಸರಾಂತ ಭಾರತೀಯರೂ ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದ ಎಳೆಯರನ್ನು ಕಟ್ಟಿಕೊಂಡು ತರಬೇತುದಾರ ಥಾಂಗ್ಬೊಯ್ ಸಿಂಗ್ಟೊ 2023–24ರ ಹಂಗಾಮನ್ನು ಹೇಗೋ ಮುಗಿಸಿದರು. ತಂಡ ಹನ್ನೆರಡರಲ್ಲಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಕ್ಲಬ್ಬು ಹೆಸರು ಬದಲಿಸಿಕೊಂಡು ದೆಹಲಿಗೆ ಸ್ಥಳಾಂತರವಾಯಿತು.